ಎರಡನೆಯ ಮತ್ತು ನಾಲ್ಕನೆಯ ರವಿವಾರ

ಮೇ 3, ಶನಿವಾರ

ವಕೀಲರು ಒಂದು ವಹಿ ಇಡಲು ಹೇಳಿದ್ದಾರೆ. ಮಕ್ಕಳನ್ನು ಎಷ್ಟು ಗಂಟೆಗೆ ಕರೆದುಕೊಂಡೆ, ಎಷ್ಟಕ್ಕೆ ಬಿಟ್ಟೆ, ಅವರ ತಾಯಿ ತಡ ಮಾಡಿದಳೇ, ಏನಾದರೂ ಅಂದಳೇ, ಎಲ್ಲ ಬರೆಯಬೇಕು. ಅದನ್ನು ಮರಾಠಿಯಲ್ಲಿ ಬರೆಯುತ್ತೇನೆ, ಕೋರ್ಟಿಗೆ ಬೇಕಾಗುತ್ತದೆ. ಇದು ಬೇರೆ ವಹಿ. ಹತ್ತನೆಯವರೆಗೆ ನಾನು ಕಲಿತದ್ದು ಕನ್ನಡ ಶಾಲೆಯಲ್ಲಿ. ವಕೀಲರಿಗೆ ಕನ್ನಡ ಓದಲು ಬರುವುದಿಲ್ಲ, ನನ್ನ ಮಕ್ಕಳಿಗೂ ಬರುವುದಿಲ್ಲ. ಆದ್ದರಿಂದ ಇದರಲ್ಲಿ ಏನು ಬೇಕಾದರೂ ಬರೆಯಬಹುದು.

ಕೋರ್ಟಿನ ತಾತ್ಕಾಲಿಕ ಆದೇಶ ಹೀಗಿದೆ: ತಿಂಗಳ ಎರಡನೆಯ ಮತ್ತು ನಾಲ್ಕನೆಯ ರವಿವಾರ ಬೆಳಿಗ್ಗೆ ಹತ್ತರಿಂದ ಸಂಜೆ ಆರರವರೆಗೆ ಮಕ್ಕಳು ತಂದೆಯ ಹತ್ತಿರ. ಬೇಸಿಗೆ ಸೂಟಿಯಲ್ಲಿ ಹತ್ತು ದಿನ. ದೀಪಾವಳಿಯಲ್ಲಿ ಅರ್ಧ. ಮಕ್ಕಳ ತಾಯಿ ಪ್ರಾಜಕ್ತಾ ಅಕ್ಕಲಕೋಟದಲ್ಲಿ ತನ್ನ ತಾಯಿ ಸುಗಲಾಬಾಯಿಯವರ ಮನೆಯಲ್ಲಿದ್ದಾಳೆ, ಅಲ್ಲೇ ಒಂದು ಖಾಸಗಿ ಲ್ಯಾಬಿನಲ್ಲಿ ಕೆಲಸ. ನಾನು ಸೋಲಾಪುರದಲ್ಲಿ ಅವ್ವನ ಜೊತೆ. ಎರಡಕ್ಕೂ ನಡುವೆ ಇರುವುದು ವಳಸಂಗ. ಅಲ್ಲಿಯ ಬಸ್ ನಿಲ್ದಾಣದ ಎದುರು ಕಲ್ಲಣ್ಣನ ಚಹಾ ಹೋಟೆಲಿದೆ. ಮಕ್ಕಳನ್ನು ಕೊಡುವುದು, ಪಡೆಯುವುದು ಅದರ ಮುಂದೆ.

ಸಾಯಲಿಗೆ ಹನ್ನೆರಡು, ವೇದಾಂತನಿಗೆ ಎಂಟು. ತಾಯಿಯ ಜೊತೆ ಅವರು ಹೋಗಿ ಹತ್ತೊಂಬತ್ತು ತಿಂಗಳಾಯಿತು. ಇಬ್ಬರೂ ಕಾಯಂ ನನ್ನ ಹತ್ತಿರ ಇರಬೇಕೆಂದು ಫೆಬ್ರುವರಿಯಲ್ಲಿ ಅರ್ಜಿ ಹಾಕಿದ್ದೇನೆ.

ಇಂದು 10.05ಕ್ಕೆ ಬಂದರು. ಪ್ರಾಜಕ್ತಾ ಸ್ಕೂಟಿಯಿಂದ ಇಳಿಯದೆ, "ಬಿಸಲಾಗ ಭಾಳ ಅಡ್ಯಾಡಸಬ್ಯಾಡ್ರಿ. ವೇದಾಂತಗ ಗುಳಗಿ ಬ್ಯಾಗಿನ್ಯಾಗ ಇಟ್ಟೀನಿ" ಎಂದಳು. ಮಕ್ಕಳ ಎದುರಿಗೆ ಸೂಚನೆ ಕೊಟ್ಟಳು ಎಂದು ಮರಾಠಿ ವಹಿಯಲ್ಲಿ ಬರೆದುಕೊಂಡೆ.

ಹತ್ತು ದಿನಕ್ಕೆ ನಾಲ್ಕು ಕಿಲ್ಲಾ, ಅಂದರೆ ನಾಲ್ಕು ಕೋಟೆ, ನೋಡುವ ಯೋಜನೆ ಹಾಕಿದ್ದೇನೆ. ದೀಪಾವಳಿಗೆ ಮಕ್ಕಳು ಅಂಗಳದಲ್ಲಿ ಮಣ್ಣಿನ ಕಿಲ್ಲಾ ಕಟ್ಟುವುದು ಇಲ್ಲಿಯ ರೂಢಿ. ಎಲ್ಲರ ಮನೆಯಲ್ಲೂ ಅದೊಂದು ಮಣ್ಣಿನ ಗುಡ್ಡೆ, ಮೇಲೆ ನಾಲ್ಕು ಗೊಂಬೆ. ನಮ್ಮಲ್ಲಿ ಹಾಗಲ್ಲ. ನಾನು ಜಮೀನು ಅಳೆಯುವ ಇಲಾಖೆಯವನು. ಸೂಟಿಯಲ್ಲಿ ನಿಜವಾದ ಕಿಲ್ಲಾಕ್ಕೆ ಹೋಗಿ, ಅಳತೆ ಹಿಡಿದು, ನಕ್ಷೆ ತೆಗೆದು, ದೀಪಾವಳಿಗೆ ಅದನ್ನೇ ಇನ್ನೂರರಲ್ಲಿ ಒಂದು ಪಾಲಿನ ಪ್ರಮಾಣದಲ್ಲಿ ಕಟ್ಟುತ್ತಿದ್ದೆವು. ಇದು ನಮ್ಮ ಮೂವರ ಹವ್ಯಾಸ. ಅರ್ಜಿಯಲ್ಲೂ ಬರೆಸಿದ್ದೇನೆ.

ಮೇ 6, ಮಂಗಳವಾರ

ಸೋಲಾಪುರದ ಭುಯಿಕೋಟ ಕಿಲ್ಲಾ. ಬೆಳಿಗ್ಗೆ 7.10ರಿಂದ 9.40. ಎರಡು ಬುರುಜು, ಒಂದು ಬಾಗಿಲು ಅಳೆದೆವು. ಟೇಪಿನ ತುದಿ ಸಾಯಲಿಯ ಕೈಯಲ್ಲಿ. ಮೂರು ಸಲ ತಪ್ಪು ಕಲ್ಲಿನ ಮೇಲೆ ಇಟ್ಟಳು.

ವೇದಾಂತ, "ಪಪ್ಪಾ, ಈ ಕಂದಕದಾಗ ಮೊದಲ ಮೊಸಳಿ ಇದ್ದುವೇನು?" ಎಂದು ಕೇಳಿದ. ದಾಖಲೆ ಇಲ್ಲ ಎಂದೆ. ಸ್ವಲ್ಪ ಹೊತ್ತಿನ ಮೇಲೆ, "ದಾಖಲೆ ಇಲ್ದ ಒಂದಾದ್ರೂ ಇದ್ದಿರಬೇಕಲ್ಲ?" ಎಂದ.

ಸಾಯಲಿ ಬುರುಜಿನ ಚಿತ್ರ ಬರೆದಳು. ಮೇಲಂಚಿನ ಕಲ್ಲಿನ ತೆನೆಗಳು ಏಳು. ನಿಜವಾಗಿ ಹನ್ನೊಂದು. ಹೇಳಿದೆ. ಅವಳು ವಹಿ ಮುಚ್ಚಿದಳು. ಮನೆಗೆ ಬಂದ ಮೇಲೆ ಸರಿ ಮಾಡು ಎಂದರೆ, "ನನಗ ತಲಿ ನೋಯಾಕತ್ತದ" ಎಂದು ಒಳಗೆ ಹೋದಳು.

ಮೇ 9, ಶುಕ್ರವಾರ

ಬಿಸಿಲು ನಲವತ್ತಮೂರು ಡಿಗ್ರಿ. ಮನೆಯಲ್ಲೇ. ಸಾಯಲಿ ಫೋನಿನಲ್ಲಿ ತಾಯಿಯ ಜೊತೆ ಇಪ್ಪತ್ತೆರಡು ನಿಮಿಷ ಮಾತಾಡಿದಳು. ನನ್ನ ಜೊತೆ ಇಡೀ ದಿನ ಸೇರಿಸಿದರೂ ಅಷ್ಟಾಗಲಿಕ್ಕಿಲ್ಲ.

ಸಂಜೆ ಅವ್ವ ಅಂದಳು: "ಉದ್ಯಾ, ಆ ಹುಡಗಿ ನಿನ್ನ ಮುಂದ ಪರೀಕ್ಷಾಕ್ಕ ಕುಂತಂಗ ಕೂಡತದ. ಸ್ವಲ್ಪ ಬಿಡು ಅದನ್ನ."

ನಾನೇನೂ ಹಿಡಿದುಕೊಂಡಿಲ್ಲ.

ಮೇ 12, ಸೋಮವಾರ

ಸಂಜೆ 5.55ಕ್ಕೆ ವಳಸಂಗದಲ್ಲಿ ಮಕ್ಕಳನ್ನು ಒಪ್ಪಿಸಿದೆ. ನಾಲ್ಕರಲ್ಲಿ ಎರಡೇ ಕಿಲ್ಲಾ ಆದವು. ವೇದಾಂತ ಆಯಿಗಾಗಿ, ಅಂದರೆ ನನ್ನ ಅವ್ವನಿಗಾಗಿ, ಅತ್ತ. ಸಾಯಲಿ ಸ್ಕೂಟಿಯ ಹಿಂದೆ ಕುಳಿತು ಟಾಟಾ ಮಾಡಿದಳು. ತಿರುಗಿ ನೋಡಲಿಲ್ಲ.

ಜುಲೈ 13, ರವಿವಾರ

10.20. ಪ್ರಾಜಕ್ತಾ ವೇದಾಂತನೊಬ್ಬನನ್ನೇ ಕರೆದುಕೊಂಡು ಬಂದಳು.

"ಸಾಯಲಿಗಿ ಹೊಟ್ಟಿ ನೋಯಾಕತ್ತದ್ರಿ. ಮಲಗ್ಯಾಳ."

"ಡಾಕ್ಟರಿಗಿ ತೋರಿಸಿದಿ?"

"ಅಷ್ಟೇನಿಲ್ರಿ." ಹೇಳುವಾಗ ರಸ್ತೆ ನೋಡುತ್ತಿದ್ದಳು.

ವೇದಾಂತನನ್ನು ಕೇಳಿದೆ, ಅಕ್ಕ ಏನು ತಿಂದಿದ್ದಳು ಅಂತ. "ಅಕ್ಕ ಹೇಳಬ್ಯಾಡ ಅಂದಾಳ" ಎಂದ. ಕೂಡಲೇ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡ. ಅದನ್ನೂ ಬರೆದುಕೊಂಡೆ. ವಕೀಲರಿಗೆ ಫೋನ್ ಮಾಡಿದಾಗ ಅವರು ಖುಷಿಯಾದರು. ಮಕ್ಕಳನ್ನು ತಂದೆಯಿಂದ ದೂರ ಇಡುತ್ತಿದ್ದಾರೆ ಎನ್ನಲು ಇದು ಒಳ್ಳೆಯ ಆಧಾರವಂತೆ.

ಜುಲೈ 27, ರವಿವಾರ

ಇಂದಿನದು ಉದ್ದವಿದೆ.

ಮಳೆ ಚೆನ್ನಾಗಿ ಆಗಿದ್ದರಿಂದ ನಳದುರ್ಗದ ಕಿಲ್ಲಾದ ಒಳಗೆ ನದಿಗೆ ಅಡ್ಡ ಕಟ್ಟಿದ ಗೋಡೆಯ ಮೇಲಿಂದ ನೀರು ಎರಡು ಧಾರೆಯಾಗಿ ಬೀಳುತ್ತಿದೆ ಎಂದು ಕಚೇರಿಯಲ್ಲಿ ಹೇಳಿದ್ದರು. ಇಬ್ಬರೂ ಮಕ್ಕಳು ಬಂದಿದ್ದರು. ವಳಸಂಗದಿಂದಲೇ ಬೈಕಿನಲ್ಲಿ ಹೊರಟೆವು. ಮುಂದೆ ವೇದಾಂತ, ಹಿಂದೆ ಸಾಯಲಿ, ಅವಳ ಬೆನ್ನಿಗೆ ಅಳತೆಯ ಸಾಮಾನಿನ ಚೀಲ. ಹನ್ನೊಂದೂವರೆಗೆ ತಲುಪಿದೆವು. ರವಿವಾರವೆಂದು ಜನವೋ ಜನ.

ನೀರು ಆಮೇಲೆ ನೋಡೋಣ, ಮೊದಲು ಎತ್ತರದ ಬುರುಜು ಅಳೆದು ಮುಗಿಸೋಣ ಎಂದೆ. ಬುರುಜಿನ ಮೇಲೆ ಓಡಾಡುವವರು ಟೇಪು ತುಳಿಯುತ್ತಿದ್ದರು. "ಗಟ್ಟಿ ಹಿಡಿ" ಎಂದು ಸಾಯಲಿಗೆ ಮೂರು ಸಲ ಹೇಳಿದೆ.

"ಹಿಡದೀನಿ ಪಪ್ಪಾ."

"ಸಡಲಾಗ್ಯದ. ಮತ್ತ ಮೊದಲಿಂದ."

"ನಾಕ ಬೊಟ್ಟು ಹೆಚ್ಚು ಕಡಿಮಿ ಆದ್ರ ಏನಾಗ್ತದ?"

ನಾಲ್ಕು ಬೊಟ್ಟು ಹೆಚ್ಚು ಕಡಿಮೆಯಾದರೆ ಹೊಲದ ಗಡಿಯಲ್ಲಿ ಏನಾಗುತ್ತದೆ ಎಂದು ಅವಳಿಗೆ ತಿಳಿಸಿ ಹೇಳಿದೆ. ಹೇಳಿ ಮುಗಿಸಿ ತಿರುಗಿದರೆ ವೇದಾಂತ ಇಲ್ಲ.

ಆಗ 12.40. ಮೆಟ್ಟಿಲ ಕೆಳಗೆ ಇಲ್ಲ, ತೋಪಿನ ಹತ್ತಿರ ಇಲ್ಲ. ನಾನು ನೀರಿನ ಕಡೆ ಓಡಿದೆ. ನೀರಿನ ಸದ್ದಿಗೆ ನಾನು ಕೂಗಿದ್ದು ನನಗೇ ಕೇಳಿಸುತ್ತಿರಲಿಲ್ಲ. ಕಾವಲುಗಾರನಿಗೆ ಹಸಿರು ಅಂಗಿ ಎಂದೆ, ಆಮೇಲೆ ನೀಲಿ ಎಂದೆ. ಬೆಳಿಗ್ಗೆ ಮಗ ಯಾವ ಅಂಗಿ ಹಾಕಿಕೊಂಡಿದ್ದ ಎಂಬುದು ನೆನಪಾಗಲಿಲ್ಲ. ಕೆಳಗೆ ನೋಡಿದೆ. ನೀರು ಕೆಂಪಗೆ ಹರಿಯುತ್ತಿತ್ತು.

ಸಾಯಲಿ ನನ್ನ ಹಿಂದೆ ಬರಲಿಲ್ಲ. ಅವಳು ಎದುರು ದಿಕ್ಕಿಗೆ, ಬಾಗಿಲ ಕಡೆಗೆ ಓಡಿದ್ದು ಮೇಲಿನಿಂದ ಕಂಡಿತು. ಆ ಗದ್ದಲದಲ್ಲಿ ಯಾರನ್ನೂ ಮುಟ್ಟದೆ, ಬಗ್ಗಿ, ಅತ್ತಿತ್ತ ತಪ್ಪಿಸಿಕೊಂಡು ಓಡಿದಳು. ಅಷ್ಟು ಜೋರಾಗಿ ಓಡುತ್ತಾಳೆಂದು ನನಗೆ ಗೊತ್ತಿರಲಿಲ್ಲ.

1.05ಕ್ಕೆ ಫೋನ್ ಬಂತು, ಯಾರದೋ ನಂಬರಿನಿಂದ. "ಪಪ್ಪಾ, ಸಿಕ್ಕಾನ. ಗಾಡಿ ಹತ್ರ ಅದೀವಿ."

ಗಾಡಿ ನಿಲ್ಲಿಸಿದ ಜಾಗದಲ್ಲಿ ಅವನು ಬೈಕಿನ ಹ್ಯಾಂಡಲ್ ಹಿಡಿದು ನಿಂತಿದ್ದ. ಅತ್ತಿರಲಿಲ್ಲ. "ಮಮ್ಮಿ ಹೇಳ್ಯಾಳ, ಕಳಕೊಂಡ್ರ ಗಾಡಿ ಎಲ್ಲಿ ಇಟ್ಟಿರತಾರ ಅಲ್ಲೇ ಹೋಗಿ ನಿಂದರಬೇಕಂತ" ಎಂದ. ನೀರು ನೋಡಲು ಹೋಗಿದ್ದನಂತೆ, ಆಮೇಲೆ ದಾರಿ ತಿಳಿಯಲಿಲ್ಲವಂತೆ. ಅಂಗಿ ಹಳದಿ ಬಣ್ಣದ್ದು.

ಬೈಕಿನ ಕೀಲಿ ತೂತಿಗೆ ಹೋಗಲಿಲ್ಲ. ಸಾಯಲಿ ನನ್ನ ಕೈಯಿಂದ ತೆಗೆದುಕೊಂಡು ಹಾಕಿಕೊಟ್ಟಳು. ಟೇಪು ಬುರುಜಿನ ಮೇಲೇ ಉಳಿಯಿತು. ಸರ್ಕಾರದ ಟೇಪು.

ದಾರಿಯಲ್ಲಿ ಒಂದು ಧಾಬಾದಲ್ಲಿ ಊಟಕ್ಕೆ ಕುಳಿತೆವು. ಕೈ ತೊಳೆದು ಬರುವಾಗ ಸಾಯಲಿ ತಮ್ಮನಿಗೆ ಹೇಳಿಕೊಡುವುದು ಕೇಳಿಸಿತು.

"ಏನ್ ನೋಡ್ದಿ ಅಂತ ಮಮ್ಮಿ ಕೇಳಿದ್ರ, ನೀರು ನೋಡ್ದೆ ಅನ್ನು. ಕೇಳಿದ್ದಕ್ಕಷ್ಟ ಉತ್ತರ. ಹೆಚ್ಚಿಂದು ಬ್ಯಾಡ."

"ಅಕ್ಕಲಕೋಟ ಆಯಿ ಕೇಳಿದ್ರ?"

"ಅದೇ."

"ಸೋಲಾಪುರ ಆಯಿ?"

"ಎಲ್ಲಾರಿಗೂ ಅದೇ." ಆಮೇಲೆ ನನ್ನನ್ನು ನೋಡಿದಳು. "ಪಪ್ಪಾ, ನೀನೂ ಹೇಳಬ್ಯಾಡ. ಮಮ್ಮಿ ವಕೀಲರಿಗಿ ಗೊತ್ತಾದ್ರ ಗದ್ದಲ ಆಗ್ತದ."

ಅವಳ ದನಿಯಲ್ಲಿ ಹೆದರಿಕೆ ಇರಲಿಲ್ಲ. ನಮ್ಮ ಕಚೇರಿಯ ಹಳೆಯ ಹೆಡ್ ಕ್ಲಾರ್ಕ್ ಹೊಸಬರಿಗೆ ಕೆಲಸ ಹೇಳಿಕೊಡುವ ಹಾಗಿತ್ತು.

5.50ಕ್ಕೆ ವಳಸಂಗ. ಪ್ರಾಜಕ್ತಾ ಮೊದಲೇ ಬಂದಿದ್ದಳು. ಮಕ್ಕಳು ಸ್ಕೂಟಿ ಹತ್ತುವ ಮುಂಚೆ ನಾನು ಹೇಳಿದೆ: "ಇಪ್ಪತ್ತೈದು ಮಿನಿಟು ವೇದಾಂತ ಸಿಗಲಿಲ್ಲ. ನೀರಿನ ಜಾಗ. ತಪ್ಪು ನಂದು. ನಾ ಅಳತಿ ಮಾಡಾಕತ್ತಿದ್ದೆ."

ಅವಳು ಕೂಗಾಡುತ್ತಾಳೆಂದು ನಿಂತಿದ್ದೆ. ವೇದಾಂತನ ತಲೆಯ ಮೇಲೆ ಕೈ ಇಟ್ಟಳು. ಆಮೇಲೆ, "ಊಟ ಮಾಡಿದ್ನಾ?" ಎಂದು ಕೇಳಿದಳು. ಮಾಡಿದ ಎಂದೆ. ಹೋದರು.

ಯಾಕೆ ಹೇಳಿದೆನೋ ಗೊತ್ತಿಲ್ಲ. ಮರಾಠಿ ವಹಿಯಲ್ಲೂ ಅದನ್ನೇ ಬರೆದಿದ್ದೇನೆ.

ಜುಲೈ 30, ಬುಧವಾರ

ಆ ಪುಟ ಹರಿದು ಹಾಕಿ ಎಂದು ವಕೀಲರು ಹೇಳಿದರು. ಪ್ರಾಜಕ್ತಾಳಿಗೆ ಆಗಲೇ ಹೇಳಿಯಾಗಿದೆ ಎಂದೆ. ತಲೆ ಹಿಡಿದುಕೊಂಡರು. ಅವರದು ಸರಿ. ನಾನು ಅವರ ಜಾಗದಲ್ಲಿದ್ದರೂ ಹಾಗೇ ಹೇಳುತ್ತಿದ್ದೆ.

ಟೇಪು ಕಳೆದದ್ದಕ್ಕೆ ಕಚೇರಿಯಲ್ಲಿ ಅರ್ಜಿ ಬರೆದುಕೊಟ್ಟೆ.

ಆಗಸ್ಟ್ 18, ಸೋಮವಾರ

ಕೋರ್ಟು. ಸಾಯಲಿಯ ಜೊತೆ ನ್ಯಾಯಾಧೀಶರು ತಮ್ಮ ಕೋಣೆಯಲ್ಲಿ ಮಾತಾಡುವವರಿದ್ದರು. ಅದಕ್ಕಾಗಿ ಅವಳ ಶಾಲೆ ತಪ್ಪಿತು. ವೇದಾಂತ ಸಣ್ಣವನೆಂದು ಅವನನ್ನು ಕರೆಯಲಿಲ್ಲ.

ನಳದುರ್ಗದ ವಿಷಯ ಬರುತ್ತದೆಂದು ನಾನು, ನನ್ನ ವಕೀಲರು ಇಬ್ಬರೂ ಕಾದಿದ್ದೆವು. ಬರಲಿಲ್ಲ. ಪ್ರಾಜಕ್ತಾಳ ವಕೀಲರು ಬೇರೆ ಏನೇನೋ ಹೇಳಿದರು, ಅದನ್ನು ಹೇಳಲಿಲ್ಲ. ಅವರಿಗೆ ಗೊತ್ತಿರಲಿಲ್ಲ ಎಂದು ಕಾಣುತ್ತದೆ. ಪ್ರಾಜಕ್ತಾ ಹೇಳಿರಲಿಲ್ಲ.

ಸಾಯಲಿ ಒಳಗಿದ್ದದ್ದು ಹದಿನೆಂಟು ನಿಮಿಷ. ಹೊರಗಿನ ಬೆಂಚಿನ ಒಂದು ತುದಿಗೆ ನಾನು, ಇನ್ನೊಂದು ತುದಿಗೆ ಪ್ರಾಜಕ್ತಾ. ಹೊರಗೆ ಬಂದು ಅವಳು ಎಲ್ಲಿ ಕೂರಬೇಕೆಂದು ಒಂದು ಕ್ಷಣ ನಿಂತಳು. ಆಮೇಲೆ ಸರಿಯಾಗಿ ನಡುವೆ ಕುಳಿತಳು, ಎರಡೂ ಕಡೆ ಅಷ್ಟಷ್ಟೇ ಜಾಗ ಬಿಟ್ಟು. ಏನು ಕೇಳಿದರು, ಏನು ಹೇಳಿದಳು ಎಂದು ನಾನು ಕೇಳಲಿಲ್ಲ. ಪ್ರಾಜಕ್ತಾಳೂ ಕೇಳಲಿಲ್ಲ. "ಹಸಿವಾಗ್ಯದ" ಎಂದಳು ಸಾಯಲಿ. ಮೂವರೂ ಕೋರ್ಟಿನ ಎದುರಿನ ಗಾಡಿಯಲ್ಲಿ ವಡಾಪಾವ್ ತಿಂದೆವು.

ಸೆಪ್ಟೆಂಬರ್ 14, ರವಿವಾರ

ಬೆಳಿಗ್ಗೆಯಿಂದಲೇ ಮಳೆ. ವಳಸಂಗಕ್ಕೆ ಮುಟ್ಟುವಷ್ಟರಲ್ಲಿ ನಾನು ಪೂರ್ತಿ ತೊಯ್ದಿದ್ದೆ. ಮಕ್ಕಳನ್ನು ಬಸ್ಸಿನಲ್ಲಿ ತಂದು ಬಿಟ್ಟು ಪ್ರಾಜಕ್ತಾ ಅದೇ ಬಸ್ಸು ತಿರುಗಿ ಹೋಗುವಾಗ ಹತ್ತಿದಳು. ಬೈಕಿನಲ್ಲಿ ಮಕ್ಕಳನ್ನು ಕರೆದೊಯ್ಯುವ ಹಾಗಿರಲಿಲ್ಲ. ಕಲ್ಲಣ್ಣನ ಹೋಟೆಲಿನಲ್ಲಿ ಕುಳಿತೆವು. ಅವನು ಬಿಸಿ ಭಜಿ ತಂದಿಟ್ಟು, "ಇಂದ ಎಲ್ಲೂ ಹೋಗೂದು ಆಗಂಗಿಲ್ರಿ ಸಾಹೇಬ್ರ. ಇಲ್ಲೇ ಕೂಡ್ರಿ" ಎಂದ.

ನಳದುರ್ಗದ ನಕ್ಷೆ ತೆಗೆದು ಮೇಜಿನ ಮೇಲೆ ಹಾಸಿದೆ. ಅಳತೆ ಅರ್ಧ ಆಗಿತ್ತು, ಉಳಿದದ್ದನ್ನು ಒಂದು ಹಳೆಯ ಸರ್ವೆಯಿಂದ ತುಂಬಿಸಿದ್ದೆ. ಸಾಯಲಿ ನಕ್ಷೆಯನ್ನು ನೋಡಲಿಲ್ಲ. ಗೋಡೆಯ ಗಡಿಯಾರ ನೋಡುತ್ತಿದ್ದಳು. ಕಾಲಿಗೆ ಬೂಟು ಹಾಕಿದ್ದಳು. ಮಳೆಯಲ್ಲಿ ಯಾಕೆ ಬೂಟು ಎಂದು ಕೇಳಿದೆ.

ವೇದಾಂತ ಭಜಿ ತಿನ್ನುತ್ತಲೇ, "ಅಕ್ಕಂದು ಇವತ್ತ ಪ್ರಾಕ್ಟೀಸ್ ಅದ" ಎಂದ.

"ಯಾವ ಪ್ರಾಕ್ಟೀಸು?"

"ಖೋ ಖೋ. ಅಕ್ಕ ತಾಲೂಕಿಗಿ ಗೆದ್ದಾಳಲ್ಲ."

ಸಾಯಲಿ ಅವನನ್ನು ನೋಡಿದ ರೀತಿಗೆ ಅವನು ಭಜಿ ಕೆಳಗಿಟ್ಟ. ಆಮೇಲೆ ಅವಳು ಒಂದೊಂದೇ ಹೇಳಿದಳು, ನನ್ನ ಮುಖ ನೋಡದೆ. ಶಾಲೆಯ ತಂಡ ಇದೆ. ರವಿವಾರ ಬೆಳಿಗ್ಗೆ ಮೂರು ತಾಸು ಪ್ರಾಕ್ಟೀಸು. ಎರಡನೆಯ ಮತ್ತು ನಾಲ್ಕನೆಯ ರವಿವಾರ ಅವಳಿಗೆ ತಪ್ಪುತ್ತದೆ.

"ಜುಲೈ ಹದಿಮೂರಕ್ಕ ಹೊಟ್ಟಿನೋವು?"

"ಅವತ್ತ ಟೀಮಿಗಿ ಆರಿಸೂದಿತ್ತು."

"ನನಗ ಯಾಕ ಹೇಳಲಿಲ್ಲ?"

"ನೀ ಬರಕೋತಿದ್ದಿ. ಬರಕೊಂಡು ವಕೀಲರಿಗಿ ಕೊಡತಿದ್ದಿ. ಮಮ್ಮಿಗಿ ಬೈತಿದ್ರು" ಎಂದಳು.

ಅವಳೇ ಮುಂದುವರಿದಳು.

"ಪಪ್ಪಾ, ನನಗ ಕಿಲ್ಲಾ ಸೇರೂದಿಲ್ಲ. ಮೊದಲಿಂದನೂ ಸೇರೂದಿಲ್ಲ."

"ಮತ್ತ ಇಷ್ಟ ವರ್ಷ ಯಾಕ ಬಂದಿ?"

"ಮೊದಲ ನೀ ಕರೀತಿದ್ದಿ ಅಂತ. ಈಗ ವೇದು ಒಬ್ಬನ ಹ್ಯಾಂಗ ಬರತಾನ?"

ಕಲ್ಲಣ್ಣ ಚಹಾ ತಂದ. ಕುಡಿದೆವು. ಹನ್ನೊಂದರ ಸುಮಾರಿಗೆ ಮಳೆ ಇಳಿಯಿತು. ಬೈಕನ್ನು ಹೋಟೆಲಿನ ಹಿಂದೆ ನಿಲ್ಲಿಸಿ, ಮೂವರೂ ಅಕ್ಕಲಕೋಟದ ಬಸ್ಸು ಹತ್ತಿದೆವು. ನಕ್ಷೆ ಹೋಟೆಲಿನ ಮೇಜಿನ ಮೇಲೇ ಉಳಿಯಿತು ಎಂದು ಬಸ್ಸಿನಲ್ಲಿ ನೆನಪಾಯಿತು.

ಶಾಲೆಯ ಮೈದಾನ ಕೆಸರಾಗಿತ್ತು. ಹುಡುಗಿಯರು ವರಾಂಡದಲ್ಲೇ ಆಡುತ್ತಿದ್ದರು, ಆಟದ ಕಂಬದ ಬದಲು ಶಾಲೆಯ ಕಂಬ. ಆಟ ಕಲಿಸುವ ದ್ರೌಪದಿ ಬಾಯಿ ನನ್ನನ್ನು ನೋಡಿ, "ಯಾರ್ರಿ ನೀವು?" ಎಂದರು.

"ಸಾಯಲಿ ತಂದಿ."

"ಹೌದ್ರಿ? ನಾ ನಿಮ್ಮನ್ನ ನೋಡೇ ಇಲ್ಲ. ಕೂಡ್ರಿ, ಅಲ್ಲಿ ಬಾಕ ಅದ."

ಒಂದೂವರೆ ತಾಸು ಕುಳಿತೆ. ವೇದಾಂತ ನನ್ನ ತೊಡೆಯ ಮೇಲೆ ನಿದ್ದೆ ಹೋದ. ಆಟದ ನಿಯಮ ನನಗೆ ಪೂರ್ತಿ ಗೊತ್ತಾಗಲಿಲ್ಲ.

ಮರಾಠಿ ವಹಿಯಲ್ಲಿ ಇಂದು ಏನೂ ಬರೆದಿಲ್ಲ.

ಸೆಪ್ಟೆಂಬರ್ 19, ಶುಕ್ರವಾರ

ಅರ್ಧ ದಿನ ರಜೆ ಹಾಕಿ ವಕೀಲರಲ್ಲಿಗೆ ಹೋಗಿದ್ದೆ. ಅರ್ಜಿ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ ಎಂದೆ. ಅವರು ಪೆನ್ನು ಕೆಳಗಿಟ್ಟರು. ಗೆಲ್ಲುವ ಕೇಸು, ಹೊಟ್ಟೆನೋವಿನ ಅಂಶವೊಂದೇ ಸಾಕು ಎಂದರು. ಕಾರಣ ಬರೆದುಕೊಡಲು ಹೇಳಿದರು. ಮಗಳ ಶಾಲೆಯ ತಂಡ ಅಕ್ಕಲಕೋಟದಲ್ಲಿದೆ, ಸೋಲಾಪುರಕ್ಕೆ ಬಂದರೆ ತಪ್ಪುತ್ತದೆ ಎಂದು ಬರೆದೆ. ಅವರು ಎರಡು ಸಲ ಓದಿ, ಬೇರೆ ಕಾರಣ ಏನಾದರೂ ಇದೆಯೇ ಎಂದು ಕೇಳಿದರು. ನನಗೆ ಬೇರೆ ಹೊಳೆಯಲಿಲ್ಲ.

ಪ್ರಾಜಕ್ತಾಳಿಗೆ ವಕೀಲರ ಕಡೆಯಿಂದಲೇ ತಿಳಿಯುತ್ತದೆ.

ಸೆಪ್ಟೆಂಬರ್ 21, ರವಿವಾರ

ಅವ್ವನಿಗೆ ಹೇಳಿದೆ. ಜೋಳದ ಭಾಕರಿ ಬಡಿಯುತ್ತಿದ್ದವಳು ಕೈ ನಿಲ್ಲಿಸಿದಳು.

"ಹಂಗಾದ್ರ ಮಕ್ಕಳು ಇನ್ನ ಅಲ್ಲೇ?"

"ಅಲ್ಲೇ."

"ನನ್ನ ಕೇಳಬೇಕಂತ ಅನಸಲಿಲ್ಲ ನಿನಗ."

ಅನ್ನಿಸಿರಲಿಲ್ಲ ನಿಜ. ಅವಳು ಮಕ್ಕಳ ಕೋಣೆಯ ಹಾಸಿಗೆಯ ಚಾದರು ತೆಗೆದು ಒಗೆಯಲು ಹಾಕಿದಳು. ಅವು ಕೊಳೆಯಾಗಿರಲಿಲ್ಲ.

ಸೆಪ್ಟೆಂಬರ್ 28, ರವಿವಾರ

ಹತ್ತಕ್ಕೆ ವಳಸಂಗದ ಬದಲು ನೇರ ಅಕ್ಕಲಕೋಟಕ್ಕೆ ಬರುತ್ತೇನೆ ಎಂದು ಪ್ರಾಜಕ್ತಾಳಿಗೆ ಫೋನ್ ಮಾಡಿದ್ದೆ. ಮೈದಾನದ ಗೇಟಿನಲ್ಲಿ ಅವಳೊಬ್ಬಳೇ ನಿಂತಿದ್ದಳು.

"ಕಾಗದ ಬಂತು" ಎಂದಳು. "ಇದರಾಗ ಏನರ ಇನ್ನೊಂದು ಅದ ಏನ್ರಿ? ಖರೇ ಹೇಳ್ರಿ."

"ಏನೂ ಇಲ್ಲ. ಆಟ ತಪ್ಪತದ ಅಂತ."

"ನಿಮಗ ಅದು ಆಟದ ಕಾಗದ. ಸಾಯಲಿಗಿ ಏನಾಗ್ಯದ ಗೊತ್ತದ ಏನು? ನನ್ನ ಅವ್ವ ಬಾಯಿತಪ್ಪಿ ಹೇಳಿಬಿಟ್ಲು, ನಿಮ್ಮಪ್ಪ ಕೇಸು ಬಿಟ್ಟಾನಂತ. ಶುಕ್ರವಾರದಿಂದ ಅಳಾಕತ್ತಾಳ. 'ನಾ ಕಿಲ್ಲಾ ಸೇರೂದಿಲ್ಲ ಅಂದೆ, ಅದಕ್ಕ ಪಪ್ಪಾ ನಮ್ಮನ್ನ ಬಿಟ್ಟ' ಅಂತ. ವೇದಾಂತ ಕೇಳಾಕತ್ತಾನ, ಪಪ್ಪಾ ಇನ್ನ ಬರೂದಿಲ್ಲೇನಂತ."

ಇದನ್ನು ನಾನು ಎಣಿಸಿರಲಿಲ್ಲ. ಎಲ್ಲಾ ಕಡೆಯಿಂದ ನೋಡಿ ಬರೆದ ಕಾಗದ ಎಂದುಕೊಂಡಿದ್ದೆ.

"ನೀವು ಒಂದ ಮಾತು ಫೋನ್ ಮಾಡಿ ಮಕ್ಕಳಿಗಿ ಹೇಳಬಾರದಿತ್ತೇನ್ರಿ? ಎಲ್ಲಾದಕ್ಕೂ ಕಾಗದ. ನನ್ನ ಜೋಡಿನೂ ಹಂಗ ಇದ್ರಿ." ಅವಳ ದನಿ ಏರಲಿಲ್ಲ. ಹನ್ನೆರಡು ವರ್ಷ ಒಂದೇ ಮನೆಯಲ್ಲಿದ್ದಾಗ ಈ ಮಾತನ್ನು ಎಷ್ಟು ಸಲ ಹೇಳಿದ್ದಳೋ. ಇಂದು ಮೊದಲ ಸಲ ಕೇಳಿಸಿದಂತೆ ಇತ್ತು. ಅಥವಾ ಗೇಟಿನಲ್ಲಿ ಗದ್ದಲ ಇರಲಿಲ್ಲ, ಅದಕ್ಕೂ ಇರಬಹುದು.

ಒಳಗೆ ಹೋದ ಮೇಲೆ ಸಾಯಲಿ ನನ್ನ ಕಡೆ ಬರಲಿಲ್ಲ. ಒಂದು ಆಟ ಮುಗಿಯುವವರೆಗೆ ಕಾದು, ಹೋಗಿ ಅವಳ ಎದುರು ಕುಳಿತೆ, ವೇದಾಂತನೂ ಬಂದು ಪಕ್ಕದಲ್ಲಿ ಕುಳಿತ. ಏನು ಹೇಳಬೇಕೆಂದು ತಯಾರಿ ಮಾಡಿಕೊಂಡಿರಲಿಲ್ಲ.

"ನಾ ಬಿಟ್ಟಿಲ್ಲ" ಎಂದೆ. "ಎರಡ ರವಿವಾರ ಬರತಿದ್ದೆ. ಇನ್ನ ನಾಕೂ ರವಿವಾರ ಬರತೀನಿ. ಇಲ್ಲೇ."

"ಐದ ರವಿವಾರ ಬಂದ್ರ?" ಎಂದ ವೇದಾಂತ.

"ಐದಕ್ಕೂ."

ಸಾಯಲಿ ಬೂಟಿನ ದಾರ ಬಿಚ್ಚಿ ಮತ್ತೆ ಕಟ್ಟಿಕೊಂಡಳು. "ಬಂದು ಏನ್ ಮಾಡ್ತಿ? ನಿನಗ ಆಟ ತಿಳಿಯೂದಿಲ್ಲ."

"ತಿಳಿಯೂದಿಲ್ಲ" ಎಂದೆ.

ಅವಳು ಕಣ್ಣು ಒರೆಸಿಕೊಂಡು ನೀರಿನ ಬಾಟಲಿ ನನ್ನ ಕೈಗೆ ಕೊಟ್ಟಳು, ಹಿಡಿದುಕೋ ಎಂಬಂತೆ. ಮತ್ತೆ ಆಡಲು ಹೋದಳು. ಹಿಡಿದುಕೊಂಡಿದ್ದೆ.

ಅಕ್ಟೋಬರ್ 5, ರವಿವಾರ

ಅಕ್ಕಲಕೋಟ. ಪಕ್ಕದಲ್ಲಿ ಕುಳಿತ ಒಬ್ಬ ಹುಡುಗಿಯ ಅಜ್ಜ, ಹನ್ನೂರಿನವರು, ಆಟದ ನಿಯಮ ತಿಳಿಸಿಕೊಟ್ಟರು. ಬೆನ್ನಟ್ಟುವವಳು ನಡುಗೆರೆ ದಾಟುವ ಹಾಗಿಲ್ಲ, ಓಡುವವಳು ದಾಟಬಹುದು.

ವೇದಾಂತ ದೀಪಾವಳಿಯ ಕಿಲ್ಲಾದ ಚಿತ್ರ ತೋರಿಸಿದ. ಕಂದಕದಲ್ಲಿ ಮೊಸಳೆ ಇದೆ. ಎಷ್ಟು ದೊಡ್ಡದು ಎಂದು ಕೇಳಿದೆ. ಕಿಲ್ಲಾದಷ್ಟೇ ದೊಡ್ಡದಂತೆ. ಆಗಲಿ ಎಂದೆ. ಸುಗಲಾಬಾಯಿಯವರ ಅಂಗಳದಲ್ಲೇ ಕಟ್ಟುತ್ತಾನಂತೆ. ಮಕ್ಕಳನ್ನು ಮನೆಗೆ ಬಿಡಲು ಹೋದಾಗ ಅವರು ಬಾಗಿಲಿನಿಂದಲೇ, "ಅಂಗಳ ರಾಡಿ ಮಾಡಿದ್ರ ನೀವ ಸಾರಸಬೇಕ್ರಿ" ಎಂದರು. ನನ್ನ ಜೊತೆ ಅವರು ಮಾತಾಡಿದ್ದು ಎರಡು ವರ್ಷದ ಮೇಲೆ.

ಅಕ್ಟೋಬರ್ 8, ಬುಧವಾರ

ಸಾಯಲಿಯ ತಂಡದ ಜಿಲ್ಲಾ ಮಟ್ಟದ ಆಟ ಸೋಲಾಪುರದಲ್ಲಿತ್ತು. ರಜೆ ಹಾಕಿದ್ದೆ.

ಬೆಳಿಗ್ಗೆ ಏಳಕ್ಕೆ ನೋಡಿದರೆ ಅವ್ವ ಶೇಂಗಾ ಹೋಳಿಗೆ ಬೇಯಿಸುತ್ತಿದ್ದಾಳೆ, ಪಕ್ಕದಲ್ಲಿ ಒಂದು ಬುಟ್ಟಿ ಬದನೆಕಾಯಿ. ಯಾರಿಗೆ ಇಷ್ಟೊಂದು ಎಂದೆ. "ಸಾಯಲಿ ಫೋನ್ ಮಾಡಿತ್ತು ನಿನ್ನಿ. ಹನ್ನೆರಡ ಮಂದಿ ಹುಡಗ್ಯಾರು ಊಟಕ್ಕ ನಮ್ಮ ಮನಿಗಿ ಬರತೀವಿ ಅಂದದ" ಎಂದಳು. ನನಗೆ ಯಾರೂ ಹೇಳಿರಲಿಲ್ಲ. ನಮ್ಮ ಮನಿ ಅಂದಳೋ, ನಿಮ್ಮ ಮನಿ ಅಂದಳೋ ಎಂದು ಕೇಳಬೇಕೆನಿಸಿತು. ಕೇಳಲಿಲ್ಲ.

ಒಂದು ಅಂಕದಿಂದ ಸೋತರು. ಮೊದಲ ಸರದಿಯಲ್ಲಿ ಸಾಯಲಿ ಎಷ್ಟು ಹೊತ್ತು ಓಡಿದಳು ಎಂದು ಗಡಿಯಾರ ನೋಡುವುದು ಮರೆತುಹೋಯಿತು. ಎರಡನೆಯ ಸರದಿಯಲ್ಲಿ ಬೇಗ ಔಟಾದಳು. ಕಂಬದ ಹತ್ತಿರ ಒಮ್ಮೆ ಹಿಂದೆ ನೋಡಿದಳು, ಅಷ್ಟರಲ್ಲಿ ಬೆನ್ನಿಗೆ ಕೈ ಬಿತ್ತು.

ಆಟದ ನಂತರ ಟವೆಲಿನಲ್ಲಿ ಮುಖ ಮುಚ್ಚಿ ಕುಳಿತಿದ್ದಳು. ನಾನು ಹತ್ತಿರ ಹೋಗಿ ನಿಂತೆ. ಟವೆಲಿನೊಳಗಿಂದಲೇ, "ಎಲ್ಲಿ ತಪ್ಪ ಮಾಡಿದೆ, ಹೇಳು ಪಪ್ಪಾ" ಎಂದಳು.

"ನೀ ಹೇಳು. ನಾ ಕೇಳತೀನಿ."

ಮೈದಾನದಿಂದ ನಮ್ಮ ಮನೆ ನಡೆದರೆ ಹದಿನೈದು ನಿಮಿಷದ ದಾರಿ. ಹುಡುಗಿಯರೆಲ್ಲ ಮುಂದೆ, ನಾವಿಬ್ಬರು ಹಿಂದೆ. ದಾರಿಯುದ್ದಕ್ಕೂ ಅವಳೇ ಮಾತಾಡಿದಳು. ಎದುರಾಳಿ ಎಡಗೈಯವಳು, ನೆಲ ಜಾರುತ್ತಿತ್ತು, ಉಸಿರು ಮೊದಲೇ ಹೋಗಿತ್ತು, ಹಿಂದೆ ನೋಡಿದ್ದು ಆಮೇಲಿನ ಮಾತು. ನನಗೆ ಕಂಡದ್ದು ಹಿಂದೆ ನೋಡಿದ್ದೊಂದೇ.

ದ್ರೌಪದಿ ಬಾಯಿಯ ಜೊತೆ ಒಬ್ಬ ಪಾಲಕರು ಬರಬೇಕಿತ್ತು, ಪ್ರಾಜಕ್ತಾ ಬಂದಿದ್ದಳು. ಹುಡುಗಿಯರು ಒಳಗೆ ನುಗ್ಗಿದರು, ಅವಳು ಬಾಗಿಲ ಹೊರಗೆ ನಿಂತಳು. ಅವ್ವ ಒಳಗಿಂದ ಕೂಗಿದಳು: "ಹೊರಗ ಯಾಕ ನಿಂತಿ? ಭಾಕರಿ ಬಡಿಯಾಕ ಇನ್ನೊಬ್ಬರು ಬೇಕು." ಪ್ರಾಜಕ್ತಾ ಚಪ್ಪಲಿ ಬಿಟ್ಟು ಒಳಗೆ ಬಂದಳು. ಅಡಿಗೆಮನೆಯಲ್ಲಿ ಇಬ್ಬರೂ ಏನು ಮಾತಾಡಿದರೋ ಕೇಳಿಸಲಿಲ್ಲ. ಭಾಕರಿ ಬಡಿಯುವ ಸದ್ದು ಇಬ್ಬರದಿತ್ತು.

ನಾನು ಬಡಿಸಿದೆ. ಸೋತವರು ಅಷ್ಟು ಊಟ ಮಾಡುತ್ತಾರೆಂದು ಗೊತ್ತಿರಲಿಲ್ಲ.

ಐದಕ್ಕೆ ಅವರ ಗಾಡಿ ಬಂತು. ಹತ್ತುವ ಮುಂಚೆ ಪ್ರಾಜಕ್ತಾ ನನ್ನ ಹತ್ತಿರ ಬಂದು ನಿಂತಳು. "ನನ್ನ ಸಿಟ್ಟು ಹೋಗಿಲ್ರಿ. ಹೋಗ್ತದ ಅಂತ ಹೇಳೂದೂ ಇಲ್ಲ" ಎಂದಳು.

"ಇರಲಿ" ಎಂದೆ.

"ವೇದಾಂತನ ಸಾಲ್ಯಾಗ ಪಾಲಕರ ಸಭಾ ಅದ ಹದಿನಾಕಕ್ಕ. ನೀವೂ ಬರ್ರಿ."

ಬರುತ್ತೇನೆ ಎಂದೆ. ಗಾಡಿ ಹೊರಟಾಗ ಸಾಯಲಿ ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂಗಿದಳು. "ಪಪ್ಪಾ, ರವಿವಾರ ಬೂಟ್ ಹಾಕ್ಕೊಂಡು ಬಾ! ನಿನ್ನನ್ನ ಓಡಸ್ತೀನಿ!"

ಅಕ್ಟೋಬರ್ 12, ರವಿವಾರ

ಓಡಿಸಿದಳು.

ಎಂಟು ಹುಡುಗಿಯರು ಸಾಲಾಗಿ ಕುಳಿತರು, ಒಂಬತ್ತನೆಯವಳು ಬೆನ್ನಟ್ಟಲು ನಿಂತಳು. ನನ್ನನ್ನು ಮೈದಾನದ ನಡುವೆ ನಿಲ್ಲಿಸಿದರು. ಪ್ರಾಜಕ್ತಾ ಕಟ್ಟೆಯ ಮೇಲೆ ಕುಳಿತಿದ್ದಳು. ಮೊದಲ ಸಲ ಆರು ಹೆಜ್ಜೆಗೆ ಸಿಕ್ಕಿಬಿದ್ದೆ. ಎರಡನೆಯ ಸಲ ನಾನಾಗಿಯೇ ಬಿದ್ದೆ. ಎಲ್ಲರೂ ನಕ್ಕರು, ಕಟ್ಟೆಯ ಕಡೆಯಿಂದಲೂ ನಗು ಕೇಳಿಸಿತು.

ಸಾಯಲಿ ಬಂದು ಎಬ್ಬಿಸಿ, ನನ್ನ ಹೆಗಲು ಹಿಡಿದು ಒತ್ತಿದಳು. "ನೆಟ್ಟಗ ನಿಂತು ಓಡಾಕತ್ತಿ. ಅದಕ್ಕ ಎಲ್ಲಾರಿಗೂ ಸಿಗತಿ. ಬಗ್ಗು."

ಬಗ್ಗಿದೆ.

"ಇನ್ನೂ ಬಗ್ಗು ಪಪ್ಪಾ. ಹಾಂ, ಹಿಂಗ."

ಮೂರನೆಯ ಸಲ ಇಪ್ಪತ್ತೊಂದು ಸೆಕೆಂಡು ಉಳಿದೆನಂತೆ. ವೇದಾಂತ ಹೇಳಿದ. ಅವನಿಗೆ ಗಡಿಯಾರದಲ್ಲಿ ಸೆಕೆಂಡು ಎಣಿಸಲು ಇನ್ನೂ ಸರಿಯಾಗಿ ಬರುವುದಿಲ್ಲ.